ಮುರಿಯುವ ಮೊದಲು ಹೇಳುವ ಮರ

ನಾನು ಪೈನ್ ಮರದ ಒಂದು ಕಂಬ. ಹಿಮಾಲಯದ ಇಳಿಜಾರಿನಲ್ಲಿ ಹುಟ್ಟಿ, ಬಿಸಿಲಿಗೆ ಕತ್ತು ಚಾಚುತ್ತ ನೆಟ್ಟಗೆ ಬೆಳೆದೆ. ಕಡಿದು, ತೊಗಟೆ ಸುಲಿದು, ಗೂಡ್ಸ್ ರೈಲಿಗೆ ಹೇರಿ ನನ್ನನ್ನು ಬಯಲುಸೀಮೆಯ ಗಣಿಯೊಂದಕ್ಕೆ ಕಳಿಸಿದರು.

ಅಲ್ಲಿಯ ಬಡಗಿ ಮೌನೇಶ ಗರಗಸ ಇಟ್ಟಾಗ ನನ್ನ ಮೈಯಿಂದ ಅಂಟಿನ ಪರಿಮಳ ಎದ್ದಿತು. "ಬೆಣ್ಣಿ ಕೊಯ್ದಂಗ ಆಗ್ತದ," ಎಂದು ಹಿಗ್ಗಿದ. ಆದರೆ ಸುರಂಗದ ಚಾವಣಿಗೆ ಕಂಬ ನಿಲ್ಲಿಸುವ ದುರುಗಪ್ಪ ನನ್ನ ಮೈಗೆ ಉಗುರು ಒತ್ತಿ ನೋಡಿ ಮುಖ ಕಿವುಚಿದ.

"ಉಗುರಿಗೇ ತಗ್ಗು ಬೀಳ್ತದ. ಇಂಥ ಮೆತ್ತನ ಕಟಗಿ ಗುಡ್ಡ ಹೊರ್ತದೇನು? ಗಟ್ಟಿ ಮತ್ತಿ ಮರದ ಕಂಬಾನೇ ಕೊಡು."

"ಮತ್ತಿ ಮುಗದಾವ ದುರುಗಣ್ಣ. ಇದು ಹಗೂರ ಅದ, ಒಬ್ಬನೇ ಹೊತ್ಗೊಂಡು ಹೋಗಬಹುದು. ಒಯ್ಯಿ."

ಬೈಯುತ್ತಲೇ ಒಯ್ದ. ಗಟ್ಟಿಮುಟ್ಟಾದ ಮತ್ತಿ ಕಂಬವೊಂದರ ಪಕ್ಕ ನಿಲ್ಲಿಸಿ, ಬೆಣೆ ಹೊಡೆದು ಬಿಗಿ ಮಾಡಿದ. ಬಂಡೆ ನನ್ನ ನೆತ್ತಿಯ ಮೇಲೆ ಕೂತಿತು. ನಾನು ಹೊತ್ತೆ. ತಲೆಯಿಂದ ಬುಡದವರೆಗೆ ನೇರ ಎಳೆಗಳ ಮೈ ನನ್ನದು; ಹೇಳದೆ ಕೇಳದೆ ಮುರಿಯುವುದು ನಮ್ಮ ಕುಲಕ್ಕೆ ಗೊತ್ತಿಲ್ಲ.

ಒಂದು ಮಧ್ಯಾಹ್ನ ಬಂಡೆಯ ಭಾರ ಏಕಾಏಕಿ ಏರಿತು. ಮತ್ತಿ ಕಂಬ ತುಟಿ ಬಿಚ್ಚಲಿಲ್ಲ. ನನ್ನ ಎಳೆಗಳು ಮಾತ್ರ ಬಾಗಿ, ಒಂದೊಂದಾಗಿ ಹರಿಯತೊಡಗಿದವು. ಚಟ್. ಚಟ್ ಚಟ್. ಬುತ್ತಿ ಉಣ್ಣುತ್ತಿದ್ದ ದುರುಗಪ್ಪ ಎದ್ದು ಬಂದು ನನಗೆ ಕಿವಿ ಹಚ್ಚಿದ.

"ಕಟಗಿ ಮಾತಾಡ್ಲಿಕತ್ತದ! ಹೊರಗ ನಡೀರಿ!"

ಜೊತೆಯವರು ಓಡಿದರು. ಅವನ ಹೆಂಡತಿಯ ತಮ್ಮ ಯಂಕೋಬ ಮಾತ್ರ ಒಳಗಡೆ ಬಂಡೆ ಕೊರೆಯುತ್ತಿದ್ದ. ಯಂತ್ರದ ಗದ್ದಲದಲ್ಲಿ ಅವನಿಗೆ ಕೂಗು ಕೇಳಲಿಲ್ಲ. ದುರುಗಪ್ಪ ನನ್ನ ಪಕ್ಕದಿಂದಲೇ ಒಳಕ್ಕೆ ನುಗ್ಗಿದ. ನಾನು ಬಿಲ್ಲಿನಂತೆ ಬಾಗಿದ್ದೆ. ಇನ್ನೊಂದು ಉಸಿರು, ಇನ್ನೊಂದೇ ಉಸಿರು ಎಂದು ತಡೆದೆ. ಯಂಕೋಬನ ರಟ್ಟೆ ಹಿಡಿದು ದರದರ ಎಳೆಯುತ್ತ ಅವನು ನನ್ನನ್ನು ದಾಟಿದ. ಹಿಂದೆಯೇ ಮತ್ತಿ ಕಂಬ ಒಂದೇ ಏಟಿಗೆ ತುಂಡಾಗಿ, ಚಾವಣಿ ಕುಸಿಯಿತು.

ಕಲ್ಲು ತೆಗೆದಾಗ ನಾನು ಸೀಳಿಹೋಗಿದ್ದೆ, ಆದರೆ ಎರಡಾಗಿರಲಿಲ್ಲ. ದುರುಗಪ್ಪ ನನ್ನನ್ನು ಬೇಡಿ ಪಡೆದ. ಸೀಳಿದ ಭಾಗವನ್ನು ಮೌನೇಶ ಕೊಯ್ದು ತೆಗೆದ. ಉಳಿದ ನಾನು ದುರುಗಪ್ಪನ ಪಡಸಾಲೆಗೆ ತೊಲೆಯಾದೆ.

ಈಗ ನನ್ನ ಮೈ ಜೇನಿನ ಬಣ್ಣಕ್ಕೆ ತಿರುಗಿದೆ. ಗಣಿಯಲ್ಲಿ ಕಬ್ಬಿಣದ ಕಂಬಗಳು ಬಂದಿವೆಯಂತೆ. ಬರಲಿ. ಬೇಸಿಗೆಯ ಕಾವಿಗೆ ಒಮ್ಮೊಮ್ಮೆ ನಾನು ಸುಮ್ಮನೆ ಚಟ್ ಎನ್ನುತ್ತೇನೆ. ಮುದುಕ ದುರುಗಪ್ಪ ತಕ್ಷಣ ಎದ್ದು, ಉಣ್ಣುತ್ತ ಕೂತ ಬೀಗರನ್ನೂ ಅಂಗಳಕ್ಕೆ ಎಬ್ಬಿಸುತ್ತಾನೆ.

"ಏನೂ ಆಗಿಲ್ಲಲ್ಲ ಭಾವ!" ಎಂದು ಯಂಕೋಬ ನಗುತ್ತಾನೆ.

"ಅದು ಹೇಳಿದ ಮ್ಯಾಲ ಏಳಬೇಕು. ಕುಂತು ವಿಚಾರ ಮಾಡಬಾರದು."

ಉರಿಬಿಸಿಲಲ್ಲಿ ತಟ್ಟೆ ಹಿಡಿದು ನಿಂತ ಅವರನ್ನೆಲ್ಲ ನಾನು ಮೇಲಿನಿಂದ ನೋಡುತ್ತೇನೆ. ಯಾವ ಅರಮನೆಯ ತೇಗದ ಬಾಗಿಲಿಗೆ ಸಿಕ್ಕಿದೆ, ಈ ಮರ್ಯಾದೆ?