ಹೆನ್ರಿ ಸ್ಥಿರಾಂಕದ ಎರಡು ಸೆಕ್ಷನ್‌ಗಳು

೧೯೭೮ರಲ್ಲಿ ಜಯನಗರದ ಒಂದು ಕಾಲೇಜಿನಲ್ಲಿ ದೇವದಾಸ್ ಮತ್ತು ಕುಸುಮಾವತಿ ಎಂಬಿಬ್ಬರು ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದರು. ಅನಿಲ ನೀರಿನಲ್ಲಿ ಎಷ್ಟು ಕರಗುತ್ತದೆಂದು ತಿಳಿಸುವ ಹೆನ್ರಿ ಸ್ಥಿರಾಂಕಕ್ಕಾಗಿ ದೇವದಾಸ್ ಒತ್ತಡವನ್ನು ಕರಗಿದ ಅನಿಲದ ಪ್ರಮಾಣದಿಂದ ಭಾಗಿಸುತ್ತಿದ್ದರು. ಕುಸುಮಾವತಿ ಕರಗಿದ ಪ್ರಮಾಣವನ್ನು ಒತ್ತಡದಿಂದ ಭಾಗಿಸುತ್ತಿದ್ದರು. ಎರಡೂ ಪುಸ್ತಕದಲ್ಲಿದ್ದ ಕ್ರಮಗಳೇ. ಹಾಗಾಗಿ ಸ್ಥಿರಾಂಕ ದೊಡ್ಡದಿದ್ದರೆ ದೇವದಾಸರ ಎ ಸೆಕ್ಷನ್ನಿನಲ್ಲಿ ಅನಿಲ ಕಡಿಮೆ ಕರಗುತ್ತಿತ್ತು, ಗೋಡೆಯಾಚೆ ಬಿ ಸೆಕ್ಷನ್ನಿನಲ್ಲಿ ಹೆಚ್ಚು ಕರಗುತ್ತಿತ್ತು.

ಬನಶಂಕರಿಯ ತಿಮ್ಮರಾಯಪ್ಪನವರ ಮಗಳು ಮುನಿರತ್ನ ವರ್ಷದ ನಡುವೆ ಸೆಕ್ಷನ್ ಬದಲಾಯಿಸಿ ಎರಡೂ ಪಾಠ ಕೇಳಿದ್ದಳು. ಸ್ಥಿರಾಂಕ ದೊಡ್ಡದಿರುವ ಅನಿಲ ಹೆಚ್ಚು ಕರಗುತ್ತದೋ ಕಡಿಮೆಯೋ ಎಂದು ದೇವದಾಸ್ ಎರಡೂ ಸೆಕ್ಷನ್‌ಗಳ ಪರೀಕ್ಷೆಯಲ್ಲಿ ಕೇಳಿದರು. ಯಾವುದನ್ನು ಯಾವುದರಿಂದ ಭಾಗಿಸಿದ್ದೆಂದು ತೋರಿಸುವ ಯೂನಿಟ್ ಕೊಡದೆ ಹೇಳಲಾಗದು ಎಂದು ಅವಳು ಬರೆದಳು. ಸೊನ್ನೆ ಬಂತು.

ಅಳುಕುತ್ತಲೇ ಸ್ಟಾಫ್ ರೂಮಿಗೆ ಹೋದಳು.

"ಸಾರ್, ಮೇಡಂ ಬೇರೆ ಥರ ಹೇಳ್ಕೊಟ್ರು."

"ಮೇಡಂ ತಪ್ಪು ಹೇಳ್ಕೊಟ್ಟಿರ್ತಾರೆ," ಎಂದರು ದೇವದಾಸ್.

ಪಕ್ಕದ ಮೇಜಿನಿಂದ ಕುಸುಮಾವತಿ ತಲೆಯೆತ್ತಿದರು. "ಮೇಡಂ ಇಲ್ಲೇ ಇದಾರೆ."

ಇಬ್ಬರೂ ತಮ್ಮ ತಮ್ಮ ಪುಸ್ತಕ ತೆರೆದರು. ಕಾಫಿ ಆರಿತು. ದೇವದಾಸ್ ಯೂನಿಟ್ ಇಲ್ಲದ ತಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ಓದಿ, "ತಪ್ಪು ನಂದೇ ಕಣಮ್ಮ," ಎಂದು ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಬರೆದರು. ಬಿ ಸೆಕ್ಷನ್ನಿನವರ ಉತ್ತರಗಳಿಗೂ ಅಂಕ ಕೊಟ್ಟರು. ಮರುದಿನ ಎರಡೂ ತರಗತಿಗಳ ಮುಂದೆ ನಿಂತು ವಿಷಯ ಹೇಳಿದರು. ಮುನಿರತ್ನಳಿಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಇನ್ನು ಮುಂದೆ ಪ್ರಶ್ನೆಯಲ್ಲಿ ಯೂನಿಟ್ ಬರೆಯಲು ಇಬ್ಬರೂ ಒಪ್ಪಿದರು. ಯಾವ ಯೂನಿಟ್ ಎಂಬ ಚರ್ಚೆ ದೇವದಾಸ್ ನಿವೃತ್ತರಾಗುವವರೆಗೂ ನಡೆಯಿತು.