ಸಿಗದ ಮೂರನೇ ಗೇರು

ಪ್ರಿಂಟು ಒಂದೇ, ಥಿಯೇಟರು ಎರಡು. ಮ್ಯಾಟಿನಿ ತುಮಕೂರಿನಲ್ಲಿ ಎರಡೂವರೆಗೆ ಶುರುವಾದರೆ ಗುಬ್ಬಿಯಲ್ಲಿ ನಾಲ್ಕೂವರೆಗೆ. ತುಮಕೂರಿನಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿಟ್ಟು, ಮೋಟರ್ ಬೈಕಿಗೆ ಬಿಗಿದು ಗುಬ್ಬಿಗೆ ಮುಟ್ಟಿಸುವುದು ಅಡವಿಯಪ್ಪನ ಕೆಲಸ. ಮೊದಲ ಸಲ ಇಂಟರ್ವಲ್‌ವರೆಗಿನ ಅರ್ಧ, ಮತ್ತೆ ಹೋಗಿ ಮಿಕ್ಕ ಅರ್ಧ. 1981ರ ಬೇಸಿಗೆಯಲ್ಲಿ ಅವನು ಹೆಂಚು ಸರಿಮಾಡಲು ಮನೆಯ ಮೇಲೆ ಹತ್ತಿ, ಜಾರಿ ಬಿದ್ದು, ಬಲಗೈ ಮುರಿದುಕೊಂಡ. ಮಾರನೆಯ ದಿನ ಗೋಡೆಯ ಮೊಳೆಯಿಂದ ಬೈಕಿನ ಕೀ ತೆಗೆದವಳು ಹೆಂಡತಿ ಸರ್ವಮಂಗಳ.

ಬೈಕು ಓಡಿಸುವುದು ಅವಳಿಗೆ ಹೊಸದಲ್ಲ. ಮದುವೆಯಾದ ವರ್ಷ ಹೆಬ್ಬೂರಿನ ಖಾಲಿ ಗದ್ದೆಬಯಲಿನಲ್ಲಿ ಗಂಡನೇ ತಮಾಷೆಗೆಂದು ಕಲಿಸಿದ್ದ. ಆದರೆ ಆ ಬೈಕಿಗೆ ಒಂದು ರೋಗವಿತ್ತು. ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಎಷ್ಟೋ ಸಲ ಗೇರು ಕೂರುತ್ತಲೇ ಇರಲಿಲ್ಲ. ಇಂಜಿನ್ ಊಳಿಡುತ್ತಿತ್ತು, ಚಕ್ರಕ್ಕೆ ಎಳೆತವಿರುತ್ತಿರಲಿಲ್ಲ.

"ಗೇರ್ ಸಿಗ್ದೇ ಇದ್ರೆ ರೈಸ್ ಮಾಡ್ಬೇಡ," ಎಂದ ಅಡವಿಯಪ್ಪ, ಕೈಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು. "ಆಕ್ಸಿಲೇಟರ್ ಬುಟ್ಬುಡು. ಕ್ಲಚ್ ಪೂರ್ತಿ ಹಿಡ್ದು ಇನ್ನೊಂದ್ಸಲ ಎತ್ತು. ಕಾಲ್ ನೋಡ್ಬೇಡ, ರಸ್ತೆ ನೋಡು."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಕ್ಯಾನ್ವಾಸ್ ಶೂ ಹಾಕಿಕೊಂಡು, ತುಮಕೂರಿನ ಥಿಯೇಟರಿನಲ್ಲಿ ಮೊದಲರ್ಧದ ಡಬ್ಬಿಗಳನ್ನು ಬಿಗಿದುಕೊಂಡು ಅವಳು ಗುಬ್ಬಿಗೆ ಹೊರಟಳು. ಹೆಗ್ಗೆರೆ ದಾಟುವ ತನಕ ಎಲ್ಲ ಸುಸೂತ್ರ. ಮಲ್ಲಸಂದ್ರದ ಹತ್ತಿರ ತೆಂಗಿನಕಾಯಿ ತುಂಬಿದ ಎತ್ತಿನ ಗಾಡಿ ಅಡ್ಡ ಸಿಕ್ಕಿತು. ಅದನ್ನು ಹಿಂದೆ ಹಾಕಲು ಬಲಕ್ಕೆ ಬಂದು ಮೂರನೇ ಗೇರಿಗೆ ಎತ್ತಿದಳು. ಸಿಗಲಿಲ್ಲ. ಎದುರಿಗೆ ಬಸ್ಸು. ಅವಳ ಕೈ ತಾನಾಗಿಯೇ ಆಕ್ಸಿಲೇಟರ್ ತಿರುವಿತು, ಬೈಕು ಕಿರುಚಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಬಸ್ಸಿನ ಹಾರ್ನು ಎದೆಗೇ ಬಡಿದಂತಾಯಿತು.

ಬಿಟ್ಟುಬಿಟ್ಟಳು. ಮುಂದೆ ಹೋಗುವ ಆಸೆಯನ್ನೂ ಬಿಟ್ಟು, ಬ್ರೇಕು ಹಿಡಿದು ಮತ್ತೆ ಗಾಡಿಯ ಹಿಂದಕ್ಕೇ ಸರಿದಳು. ಬಸ್ಸು ಧೂಳೆಬ್ಬಿಸಿ ಹಾದುಹೋಯಿತು. ರಸ್ತೆ ಖಾಲಿಯಾದ ಮೇಲೆ ಕಾಲಿನ ತುದಿಯಲ್ಲಿ ಗೇರಿನ ಲಿವರನ್ನು ಪೂರ್ತಿ ಎತ್ತಿ, ಕ್ಲಚ್ ಬಿಡುವವರೆಗೂ ಹಾಗೇ ಹಿಡಿದುಕೊಂಡಳು. ಟಕ್ ಎಂದು ಕೂತಿತು. ಸುಮ್ಮನೆ ಒಂದು ಒದೆ ಕೊಟ್ಟರೆ ಇದು ಕೇಳುವುದಿಲ್ಲ, ಹಿಡಿದು ನಿಲ್ಲಬೇಕು ಎಂದು ಅವಳಿಗೆ ಆಗ ಅರ್ಥವಾಯಿತು.

ಗುಬ್ಬಿ ಮುಟ್ಟುವಾಗ ಹತ್ತು ನಿಮಿಷ ತಡ. ಒಳಗೆ ಜನ ಶಿಳ್ಳೆ ಹಾಕುತ್ತಿದ್ದರು. ಮ್ಯಾನೇಜರ್ ಚನ್ನವೀರಯ್ಯ ಡಬ್ಬಿಗಳನ್ನು ಕಿತ್ತುಕೊಂಡಂತೆ ಇಳಿಸಿಕೊಂಡರು.

"ಗಂಡಸ್ರು ಯಾರೂ ಸಿಗ್ಲಿಲ್ವೇನಮ್ಮ ಅಡವಿಯಪ್ಪಂಗೆ? ನೀನಿಲ್ಲೇ ಕೂತಿರು. ಮಿಕ್ಕಿದ್ದನ್ನ ಚಿಕ್ಕಹನುಮಯ್ಯ ತರ್ತಾನೆ. ನಾಳೆಯಿಂದ ಕುಣಿಗಲ್ಲಿಂದ ನನ್ನ ಭಾಮೈದ ಬರ್ತಾನೆ."

ಚಿಕ್ಕಹನುಮಯ್ಯ ಟಿಕೆಟ್ ಹರಿಯುವವನು. ಮೀಸೆ ತಿರುವಿ ಬೈಕು ಹತ್ತಿದ. ಒಂದು, ಎರಡು ಗೇರು ಹಾಕಿದ. ಗೇಟಿನ ಹತ್ತಿರ ಮೂರು ಸಿಗಲಿಲ್ಲ. ಗಾಬರಿಯಲ್ಲಿ ರೈಸ್ ಮಾಡುತ್ತಲೇ ಲಿವರ್ ತುಳಿದ. ಗೇರು ಕೆಳಗಿನದಕ್ಕೆ ಬಿದ್ದು, ಬೈಕು ಹೋತದಂತೆ ನೆಗೆದು, ಕಡಲೆಕಾಯಿ ಮಾರುವ ಹನುಮಕ್ಕನ ಬುಟ್ಟಿಗೆ ಗುದ್ದಿ ನಿಂತಿತು. ಹನುಮಕ್ಕ ಅವನ ವಂಶವನ್ನೆಲ್ಲ ಬೈದಳು.

ಸರ್ವಮಂಗಳ ಹೋಗಿ ಹ್ಯಾಂಡಲ್ ಹಿಡಿದಳು. "ಇಳಿ."

"ಗಾಡೀನೇ ಸರಿ ಇಲ್ಲ ಕಣಮ್ಮ."

"ಗಾಡಿ ಸರಿ ಇಲ್ಲ ಅಂತ ನಂಗೂ ಗೊತ್ತು. ನಂಗೆ ತಪ್ಪಿದ್ರೆ ಹೆಂಗಸು, ನಿಂಗೆ ತಪ್ಪಿದ್ರೆ ಗಾಡೀನಾ? ಇಳಿ."

ಅವನು ಇಳಿದ. ಚನ್ನವೀರಯ್ಯ ಮೆಟ್ಟಿಲ ಮೇಲಿಂದ, "ನಾನು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?" ಎಂದರು.

"ಕೇಳಿಸ್ತು," ಎಂದು ಅವಳು ಕಿಕ್ ಹೊಡೆದಳು. "ಇಂಟರ್ವಲ್ ಹೊತ್ತಿಗೆ ಬರ್ತೀನಿ. ಬೇಡ ಅಂದ್ರೆ ಜನಕ್ಕೆ ನೀವೇ ಕತೆ ಹೇಳಿ."

ಅವತ್ತು ಹೋಗುತ್ತಾ ಎರಡು ಸಲ, ಬರುತ್ತಾ ಒಂದು ಸಲ ಮೂರನೇ ಗೇರು ತಪ್ಪಿತು. ಮೂರು ಸಲವೂ ಕೈ ಸಡಿಲಿಸಿ, ಕ್ಲಚ್ ಹಿಡಿದು, ರಸ್ತೆಯಿಂದ ಕಣ್ಣು ತೆಗೆಯದೆ ಮತ್ತೆ ಎತ್ತಿದಳು. ಇಂಟರ್ವಲ್ ಬೆಲ್ಲು ಹೊಡೆಯುವ ಮೊದಲೇ ಡಬ್ಬಿಗಳು ಪ್ರೊಜೆಕ್ಟರ್ ರೂಮಿನಲ್ಲಿದ್ದವು. ಮಾರನೆಯ ದಿನವೂ ಅವಳೇ ಬಂದಳು, ಅದರ ಮಾರನೆಯ ದಿನವೂ. ಕುಣಿಗಲ್ಲಿನ ಭಾಮೈದನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಮಳೆಗಾಲ ಶುರುವಾದಾಗ ಮ್ಯಾನೇಜರೇ ಕೇಳಿದರು: "ಅಡವಿಯಪ್ಪನ ಕೈ ಕೂಡ್ತಂತಲ್ಲ. ಇನ್ನು ಅವನೇ ಬರಬಹುದಲ್ಲ?"

"ಭಾನುವಾರ ಅವ್ರು ಬರ್ತಾರೆ," ಎಂದಳು ಸರ್ವಮಂಗಳ, ಡಬ್ಬಿಯ ಹಗ್ಗ ಬಿಚ್ಚುತ್ತಾ. "ಮಿಕ್ಕಿದ್ ದಿನ ನಾನೇ."