ಎರಡು ಮನೆಯ ಕೀಲಿಕೈ

ನಮ್ಮ ಮನೆಯಲ್ಲಿ ಬಾಣಂತಿಯ ದಿಂಬಿನಡಿ ಕಬ್ಬಿಣದ ಕೀಲಿಕೈಯೊಂದನ್ನು ಇಡುತ್ತಿದ್ದರು, ಕೂಸಿಗೆ ದೃಷ್ಟಿ ತಾಗದಿರಲೆಂದು. ಗೇಣುದ್ದ, ಹಿಡಿಯಲ್ಲಿ ಅರ್ಧಚಂದ್ರ. ಅದು ಯಾವ ಬೀಗದ್ದೆಂದು ಯಾರೂ ಕೇಳಿರಲಿಲ್ಲ. ಅದರ ಕಾವಲಿನಲ್ಲೇ ಮೂರು ಮಕ್ಕಳ ಬಾಣಂತನ ಮುಗಿಸಿದ ನಾನೂ ಕೇಳಿರಲಿಲ್ಲ.

ಗ್ರಂಥಾಲಯದಲ್ಲಿ ಪುಸ್ತಕಗಳ ಧೂಳು ಕೊಡವುವುದು ನನ್ನ ಕೆಲಸ. ಕೊಡವುತ್ತ ಕೊಡವುತ್ತಲೇ ಓದಲು ಕಲಿತವಳು ನಾನು. ನಮ್ಮೂರ ಕೋಟೆಯ ಮೇಲೊಂದು ಕಾದಂಬರಿ ಬಂದು ಮನೆಮನೆಯಲ್ಲೂ ಅದರದೇ ಮಾತಾದಾಗ, ಅದರ ಹಿಂದಿನ ಚರಿತ್ರೆಯ ಪ್ರದರ್ಶನ ಇಡೋಣವೆಂದು ಮೊದಲು ಕುಣಿದವಳೂ ನಾನೇ. ಜನ ಬುಟ್ಟಿಗಟ್ಟಲೆ ತಂದರು: ಫಿರಂಗಿ ಗುಂಡು, ಮದ್ದಿನ ಕೊಂಬು, ಒಬ್ಬರಂತೂ ಮುತ್ತಜ್ಜನ ಮೀಸೆ ಬಾಚಣಿಗೆ! ನಡುಮೇಜಿನ ಮೇಲೆ ಕೋಟೆಬಾಗಿಲ ದೊಡ್ಡ ಬೀಗ. ಆ ಸಂಭ್ರಮದಲ್ಲಿ ನನಗೆ ಊಟವೇ ಸೇರುತ್ತಿರಲಿಲ್ಲ.

ಕಾದಂಬರಿಯಲ್ಲಿ ಕಾವಲಿನ ಸಿದ್ಲಿಂಗ ಒಬ್ಬನೇ ವೈರಿಗಳಿಗೆ ಬಾಗಿಲು ತೆಗೆಯುತ್ತಾನೆ. ಬೀಗದ ಪಕ್ಕದ ಚೀಟಿಯಲ್ಲಿ ನಾನೂ ಹಾಗೇ ಬರೆದಿದ್ದೆ.

ಎರಡನೆಯ ದಿನ ಸಿದ್ಲಿಂಗನ ವಂಶದ ತುಂಗವ್ವ ಬಂದಳು. ಸಾಲಿನಲ್ಲಿದ್ದ ದರ್ಜಿ ಮಹಾರುದ್ರಪ್ಪ ಸುಮ್ಮನಿರಬೇಕಲ್ಲ?

"ದಾರಿ ಬಿಡ್ರಪ್ಪೋ, ಬಾಗಿಲು ತೆಗೆದವರ ಮನೆಯವರು ಬಂದ್ರು!"

"ಬೀಗ ಕೋಟೆಗಲ್ಲ, ನಿನ್ನ ಬಾಯಿಗೆ ಹಾಕಬೇಕಿತ್ತು," ಎಂದ ತುಂಗವ್ವ ನನ್ನತ್ತ ತಿರುಗಿದಳು. "ಅಕ್ಕಾ, ಈ ಪುಸ್ತಕ ಬಂದಮೇಲೆ ಶಾಲೇಲಿ ನನ್ನ ಮೊಮ್ಮಗಳ ಪಕ್ಕ ಯಾರೂ ಕೂರ್ತಿಲ್ಲ. ಆ ಚೀಟಿ ತೆಗಿ. ಈ ಬೀಗಕ್ಕೆ ಎರಡು ಕೀಲಿಕೈ. ಒಂದು ನಮ್ಮನೇಲಿ, ಇನ್ನೊಂದು ಬೇರೆ ಮನೇಲಿ. ಇಬ್ಬರೂ ಒಟ್ಟಿಗೆ ತಿರುಗಿಸದೆ ತೆಗೆಯೋದಿಲ್ಲ. ನಮ್ಮತ್ತೆ ಸಾಯೋವರೆಗೂ ಹೇಳ್ತಿದ್ದಳು."

"ಯಾವ ಮನೆ?" ಎಂದೆ.

"ಅದು ಗೊತ್ತಿದ್ರೆ ನಾವೊಬ್ಬರೇ ಯಾಕೆ ಬೈಸಿಕೊಳ್ತಿದ್ವಿ?"

ಸೆರಗಿನ ಗಂಟಿನಿಂದ ಕೀಲಿಕೈ ತೆಗೆದು ತಿರುಗಿಸಿದಳು. ಅರ್ಧಕ್ಕೇ ನಿಂತಿತು. ನಾನು ಎಣ್ಣೆಬಟ್ಟೆಯಿಂದ ಬೀಗದ ಬೆನ್ನನ್ನು ಉಜ್ಜಿದೆ. ತುಕ್ಕಿನ ಹಕ್ಕಳೆ ಉದುರಿ ಇನ್ನೊಂದು ತೂತು ಕಂಡಿತು! ಸಾಲಿಗೆ ಸಾಲೇ ಮೇಜಿಗೆ ಮುತ್ತಿತು. ನಾನು ಮಾತ್ರ ಅವಳ ಕೈ ನೋಡುತ್ತಿದ್ದೆ. ಕೀಲಿಕೈಯ ಹಿಡಿಯಲ್ಲಿ ಅರ್ಧಚಂದ್ರ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಯಾರೂ ಕೂರದ ಆ ಹುಡುಗಿ ಕಣ್ಣಿಗೆ ಕಟ್ಟಿದಳು. ಮನೆಗೆ ಓಡಿದೆ. ಪೆಟ್ಟಿಗೆ ತಡಕುತ್ತಿದ್ದ ನನ್ನನ್ನು ಕಂಡು ತುಂಬು ಬಸುರಿ ಸೊಸೆ, "ಅತ್ತೆ, ಇನ್ನೂ ನೋವೇ ಬಂದಿಲ್ಲ!" ಎಂದು ನಕ್ಕಳು.

ನಮ್ಮ ಕೀಲಿಕೈ ಹಿಡಿದು ಏದುಸಿರು ಬಿಡುತ್ತಲೇ ಬಂದು ತುಂಗವ್ವನ ಎದುರು ನಿಂತೆ. ಇಬ್ಬರೂ ಒಟ್ಟಿಗೆ ತಿರುಗಿಸಿದೆವು. ಖಟ್! ಬೀಗ ಬಾಯಿ ತೆರೆಯಿತು, ಮಹಾರುದ್ರಪ್ಪನದು ಮುಚ್ಚಿತು.

"ಅಯ್ಯೋ ಅಕ್ಕಾ, ಆ ಇನ್ನೊಂದು ಮನೆ ನಿಮ್ಮದಾ?"

"ಹೂಂ ತುಂಗವ್ವ. ನಮ್ಮದೇ."

ಹಳೆಯ ಚೀಟಿ ಹರಿದು, ಸಿದ್ಲಿಂಗನ ಮನೆಯ ಜೊತೆ ನಮ್ಮ ಮನೆಯ ಹೆಸರನ್ನೂ ದಪ್ಪಕ್ಷರದಲ್ಲಿ ಬರೆದೆ. ಬಾಗಿಲು ತೆಗೆದದ್ದು ಯಾಕೋ ಇಂದಿಗೂ ತಿಳಿಯದು, ತೆಗೆದವರು ಇಬ್ಬರು.

ವಾರ ಕಳೆದು ಸೊಸೆ ಹಡೆದಳು. ನಮ್ಮ ಕೀಲಿಕೈ ಇನ್ನೂ ಪ್ರದರ್ಶನದಲ್ಲೇ ಇತ್ತು. ತುಂಗವ್ವ ಮೊಮ್ಮಗಳ ಕೈ ಹಿಡಿದು ಬಂದವಳೇ, "ಕೂಸನ್ನ ಬರೀ ದಿಂಬಿನ ಹತ್ತಿರ ಮಲಗಿಸ್ತಾರೇನಕ್ಕಾ?" ಎಂದು ಗದರಿ ತನ್ನ ಕೀಲಿಕೈಯನ್ನು ಬಾಣಂತಿಯ ದಿಂಬಿನಡಿ ತೂರಿಸಿದಳು. ಹುಡುಗಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಸೊಸೆ ಸರಿದು ಜಾಗ ಮಾಡಿದಾಗ ಬಂದು ಕೂಸಿನ ಪಕ್ಕಕ್ಕೆ ಒತ್ತಿಕೊಂಡು ಕೂತಳು. ದಿಂಬಿನ ಅಂಚಿನಲ್ಲಿ ಅರ್ಧಚಂದ್ರ ಇಣುಕುತ್ತಿತ್ತು.